ಗಾಜಿನ ಚದರಡಿ, ಗಾಳಿಯ ಚದರಡಿ: ಕಿಟಕಿ–ಬಾಗಿಲುಗಳ ಆಯ್ಕೆಯಲ್ಲಿ ತಪ್ಪುವ ಲೆಕ್ಕ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯ ಮೊದಲರ್ಧವನ್ನು ಅನುಭವಿಸಿದ ಪ್ರತಿಯೊಬ್ಬರಿಗೂ ಒಂದು ಸಂಗತಿ ತಿಳಿದಿರುತ್ತದೆ. ತಳಪಾಯ, ಕಂಬ, ತಾರಸಿಗಳ ವೆಚ್ಚವು ಅಂದಾಜುಪಟ್ಟಿಗೆ ಹೆಚ್ಚುಕಡಿಮೆ ಹೊಂದಿಕೊಂಡು ಹೋಗುತ್ತದೆ. ಕಿಟಕಿ, ಬಾಗಿಲು, ನೆಲಹಾಸುಗಳ ಹಂತ ಬಂದಾಗ ಪಟ್ಟಿ ಕೈಮೀರುತ್ತದೆ. ಕೈಯಲ್ಲಿದ್ದ ಹಣ ಬಹುಪಾಲು ಕರಗಿ, ಗೃಹಪ್ರವೇಶದ ಮುಹೂರ್ತ ಹತ್ತಿರವಾಗುತ್ತಿರುವ ಆ ಹೊತ್ತಿನಲ್ಲಿಯೇ, ಮುಂದಿನ ಇಪ್ಪತ್ತು–ಮೂವತ್ತು ವರ್ಷಗಳ ಕಾಲ ಮನೆಯೊಳಗೆ ಎಷ್ಟು ಬೆಳಕು, ಎಷ್ಟು ಗಾಳಿ, ಎಷ್ಟು ಬಿಸಿಲು ಬರಬೇಕೆಂಬುದು ಅವಸರದಲ್ಲಿ ನಿರ್ಧಾರವಾಗಿಬಿಡುತ್ತದೆ.

ಇಂದು ಮನೆ ಕಟ್ಟಿಸುವವರಲ್ಲಿ ಪ್ರಕೃತಿಯೊಡನೆ ಹೊಂದಿಕೊಂಡ ಮನೆ ಬೇಕೆಂಬ ಆಸೆ ಹೆಚ್ಚಾಗಿದೆ. ಹಜಾರದಿಂದ ತೋಟ ಕಾಣಬೇಕು, ಮಲಗುವ ಕೋಣೆಗೆ ಬೆಳಗಿನ ಬೆಳಕು ಬರಬೇಕು, ಮಳೆ ಸುರಿಯುವುದನ್ನು ಒಳಗೆ ಕುಳಿತು ನೋಡಬೇಕು. ಆಸೆ ಯುಕ್ತವಾದದ್ದೇ. ಆದರೆ ಮಾರುಕಟ್ಟೆಯಲ್ಲಿ ಆ ಆಸೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ದೊಡ್ಡ ಗಾಜು. ಗೃಹಸ್ಥನು ದೊಡ್ಡ ಗಾಜನ್ನು ಕೊಂಡುಕೊಳ್ಳುತ್ತಾನೆ. ಮೊದಲ ಬೇಸಿಗೆಯಲ್ಲಿ ದಪ್ಪ ಪರದೆ ಹಾಕಿಸುತ್ತಾನೆ. ಎರಡನೆಯ ಬೇಸಿಗೆಯಲ್ಲಿ ಹವಾನಿಯಂತ್ರಕವನ್ನು ತರುತ್ತಾನೆ. ಅದು ಬಂದ ಮೇಲೆ ಕಿಟಕಿಯನ್ನು ಮುಚ್ಚಿಯೇ ಇಡುತ್ತಾನೆ. ಪ್ರಕೃತಿಯ ಸಲುವಾಗಿ ಖರ್ಚು ಮಾಡಿದ ಹಣ ಕೊನೆಗೆ ಪ್ರಕೃತಿಯನ್ನು ಹೊರಗಿಡುವುದಕ್ಕೇ ವಿನಿಯೋಗವಾಗುತ್ತದೆ.

ಈ ತಪ್ಪಿನ ಮೂಲ ಲೆಕ್ಕ ಬರೆಯುವ ಕ್ರಮದಲ್ಲಿಯೇ ಇದೆ. ಕಿಟಕಿಯನ್ನು ಗಾಜಿನ ಚದರಡಿಗೆ ಇಂತಿಷ್ಟು ಎಂದು ಮಾರಲಾಗುತ್ತದೆ, ಕೊಳ್ಳಲಾಗುತ್ತದೆ. ಆದರೆ ಮನೆಯವರು ಅನುಭವಿಸುವುದು ತೆರೆದುಕೊಳ್ಳುವ ಚದರಡಿಯನ್ನು ಮತ್ತು ನೆರಳಿರುವ ಚದರಡಿಯನ್ನು. ಈ ಎರಡು ಅಳತೆಗಳು ದರಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಹಳೆಯ ಮನೆಗಳು ಕಲಿಸುವ ಪಾಠ

ಹಳೆಯ ಮೈಸೂರು ಪ್ರಾಂತ್ಯದ ತೊಟ್ಟಿಮನೆಗಳ ಹೊರಗೋಡೆಗಳಲ್ಲಿ ದೊಡ್ಡ ಕಿಟಕಿಗಳಿರುತ್ತಿರಲಿಲ್ಲ. ಆದರೂ ಆ ಮನೆಗಳ ನಡುವೆ ಆಕಾಶವೇ ಇಳಿದುಬರುತ್ತಿತ್ತು. ನಡುವಿನ ತೊಟ್ಟಿಯು ಬೆಳಕನ್ನೂ ಮಳೆಯನ್ನೂ ಒಳಗೆ ಬರಮಾಡಿಕೊಂಡು, ಬಿಸಿಯಾದ ಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತಿತ್ತು. ಮುಂದಿನ ಜಗಲಿಯು ಬೀದಿಗೂ ಮನೆಗೂ ನಡುವಿನ ನೆರಳಾಗಿತ್ತು. ಕರಾವಳಿಯ ಹೆಂಚಿನ ಮನೆಗಳಲ್ಲಿ ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿಕೊಂಡು, ಮಳೆಯ ಇರಚಲು ಕಿಟಕಿಯನ್ನು ತಲುಪದಂತೆ ತಡೆಯುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ನಂತರ ಈ ಬಗೆಯ ಇಳಿಜಾರು ಮಾಡು ನಾಡಿನ ಬೇರೆ ಭಾಗಗಳಿಗೂ ಹರಡಿತು.

ಆ ಮನೆಗಳ ನಾಲ್ಕು ಕದದ ಕಿಟಕಿಯನ್ನು ನೆನಪಿಸಿಕೊಳ್ಳಬೇಕು. ಮೇಲೆ ಎರಡು ಕದ, ಕೆಳಗೆ ಎರಡು ಕದ. ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆರೆದರೆ ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಎಲ್ಲವನ್ನೂ ತೆರೆದರೆ ಕಿಟಕಿಯ ಹೆಚ್ಚುಕಡಿಮೆ ಪೂರ್ಣ ವಿಸ್ತೀರ್ಣವೇ ತೆರೆದುಕೊಳ್ಳುತ್ತದೆ. ಊರಿನ ಬಡಗಿ ತಯಾರಿಸಿದ ಆ ಕಿಟಕಿಯಲ್ಲಿ ನೋಟ, ಗಾಳಿ, ಮರೆ ಮೂರನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳುವ ಅನುಕೂಲವಿತ್ತು.

ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಇದೇ ವಿವೇಕವನ್ನು ಇಟ್ಟಿಗೆಯ ಜಾಲಂಧ್ರಗಳಲ್ಲಿ ತೋರಿಸಿದರು. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಗೋಡೆಯು ಚೌಕಟ್ಟು, ಗಾಜು, ಸರಳುಗಳ ಖರ್ಚಿಲ್ಲದೆ ಗಾಳಿಯನ್ನೂ ಸೋಸಿದ ಬೆಳಕನ್ನೂ ಒಳಗೆ ಬಿಡುತ್ತದೆ. 1990ರಲ್ಲಿ ಪದ್ಮಶ್ರೀ ಪಡೆದ ಬೇಕರ್ ಅವರ ಕಟ್ಟಡಗಳು ತಿರುವನಂತಪುರದಲ್ಲಿ ಇಂದಿಗೂ ಬಳಕೆಯಲ್ಲಿವೆ. ಇಂದಿನವರು ತೊಟ್ಟಿಮನೆಯನ್ನೇ ಕಟ್ಟಬೇಕೆಂಬುದು ಇದರ ತಾತ್ಪರ್ಯವಲ್ಲ. ಗಾಳಿಗೆ ಒಂದು ದಾರಿ, ಬೆಳಕಿಗೆ ಒಂದು ದಾರಿ, ನೋಟಕ್ಕೆ ಒಂದು ದಾರಿ ಎಂದು ವಿಂಗಡಿಸಿ ಯೋಚಿಸುವ ಕ್ರಮವನ್ನು ಅಲ್ಲಿಂದ ಪಡೆಯಬೇಕು.

ತೆರೆಯುವ ಭಾಗದ ಲೆಕ್ಕ

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರ್‌ನಲ್ಲಿ 'ಇಕೋ ನಿವಾಸ್ ಸಂಹಿತೆ'ಯ ಮೊದಲ ಭಾಗವನ್ನು ಹೊರತಂದಿತು. 500 ಚದರ ಮೀಟರ್ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನಗಳ ವಸತಿ ಕಟ್ಟಡಗಳನ್ನು ಉದ್ದೇಶಿಸಿ ರೂಪಿಸಿದ ಈ ಸಂಹಿತೆಯು, ಮನೆಯ ಕಾರ್ಪೆಟ್ ವಿಸ್ತೀರ್ಣಕ್ಕೆ ತೆರೆದುಕೊಳ್ಳುವ ಕಿಟಕಿ–ಬಾಗಿಲುಗಳ ಭಾಗ ಕನಿಷ್ಠ ಎಷ್ಟಿರಬೇಕೆಂದು ಹವಾಮಾನ ವಲಯಕ್ಕೆ ಅನುಗುಣವಾಗಿ ನಿಗದಿಪಡಿಸಿತು. ಬೆಂಗಳೂರಿನಂತಹ ಸಮಶೀತೋಷ್ಣ ವಲಯಕ್ಕೆ ಶೇ. 12.5; ಮಂಗಳೂರಿನಂತಹ ಬಿಸಿ–ತೇವಾಂಶದ ವಲಯಕ್ಕೆ ಶೇ. 16.66, ಬಿಸಿ–ಒಣ ವಲಯಕ್ಕೆ ಶೇ. 10. ತೇವ ಹೆಚ್ಚಿದ್ದಲ್ಲಿ ಬೆವರು ಆರಬೇಕಾದರೆ ಗಾಳಿ ಹೆಚ್ಚು ಬೇಕು. ಒಣ ಸೆಖೆಯ ಪ್ರದೇಶದಲ್ಲಿ ಹಗಲಿನ ಬಿಸಿಗಾಳಿಯನ್ನು ಹೊರಗಿಡಬೇಕಾದ್ದರಿಂದ ಕಡಿಮೆ ಸಾಕು.

ಯಾವ ಕಿಟಕಿ ಎಷ್ಟು ತೆರೆದುಕೊಳ್ಳುತ್ತದೆ ಎಂಬುದನ್ನೂ ಸಂಹಿತೆ ಲೆಕ್ಕಕ್ಕೆ ತೆಗೆದುಕೊಂಡಿತು. ಕೀಲಿನ ಮೇಲೆ ತಿರುಗುವ ಕದದ ಕಿಟಕಿ, ಅಂದರೆ ವ್ಯಾಪಾರದ ಭಾಷೆಯ ಕೇಸ್‌ಮೆಂಟ್, ತನ್ನ ವಿಸ್ತೀರ್ಣದ ಶೇ. 90ರಷ್ಟು ತೆರೆದುಕೊಳ್ಳುತ್ತದೆ. ಎರಡು ಕದದ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದದ ಹಿಂದೆ ಇನ್ನೊಂದು ಸರಿಯುವುದರಿಂದ ತೆರೆದುಕೊಳ್ಳುವುದು ಶೇ. 50 ಮಾತ್ರ. ಮೂರು ಕದದ ಸ್ಲೈಡಿಂಗ್‌ನಲ್ಲಿ ಶೇ. 67.

ಸಂಹಿತೆಯ ಲೆಕ್ಕ ಇಡೀ ಮನೆಗೆ ಸಂಬಂಧಿಸಿದ್ದಾದರೂ, ಅದನ್ನು ಒಂದು ಕೋಣೆಗೆ ಅಳತೆಗೋಲಾಗಿ ಬಳಸಿ ನೋಡಬಹುದು. 12 ಅಡಿ ಅಗಲ, 14 ಅಡಿ ಉದ್ದದ ಕೋಣೆಯ ವಿಸ್ತೀರ್ಣ 168 ಚದರಡಿ. ಬೆಂಗಳೂರಿನ ಲೆಕ್ಕದಲ್ಲಿ ಅದಕ್ಕೆ 21 ಚದರಡಿ ತೆರೆದ ಭಾಗ ಬೇಕು. ಎರಡು ಕದದ ಸ್ಲೈಡಿಂಗ್ ಕಿಟಕಿಯಿಂದ ಅದನ್ನು ಪಡೆಯಬೇಕಾದರೆ 42 ಚದರಡಿಯ, ಅಂದರೆ 7 ಅಡಿ ಅಗಲ, 6 ಅಡಿ ಎತ್ತರದ ಕಿಟಕಿ ಬೇಕಾಗುತ್ತದೆ. ಕೀಲು ಕದದ ಕಿಟಕಿಯಾದರೆ 6 ಅಡಿ ಅಗಲ, 4 ಅಡಿ ಎತ್ತರದ 24 ಚದರಡಿಯಲ್ಲಿಯೇ 21.6 ಚದರಡಿ ದೊರೆಯುತ್ತದೆ. ಮಂಗಳೂರಿನ ಲೆಕ್ಕದಲ್ಲಿ ಅದೇ ಕೋಣೆಗೆ 28 ಚದರಡಿ ಬೇಕು. ಸ್ಲೈಡಿಂಗ್ ಆದರೆ 56 ಚದರಡಿಯ ಕಿಟಕಿ. ಕೀಲು ಕದವಾದರೆ ಎರಡು ಗೋಡೆಗಳಲ್ಲಿ 4 ಅಡಿಗೆ 4 ಅಡಿಯ ಒಂದೊಂದು ಕಿಟಕಿ ಸಾಕು. ಎರಡು ಗೋಡೆಗಳಲ್ಲಿ ಹಂಚಿದ್ದರಿಂದ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ಅನುಕೂಲವೂ ಒದಗುತ್ತದೆ.

ಇದರ ಆರ್ಥಿಕ ಅರ್ಥವನ್ನು ಒಂದು ದೃಷ್ಟಾಂತ ಲೆಕ್ಕದಿಂದ ತಿಳಿಯಬಹುದು. ಇಲ್ಲಿನ ದರಗಳು ಹೋಲಿಕೆಗಾಗಿ ಊಹಿಸಿಕೊಂಡವು. ಊರಿನಿಂದ ಊರಿಗೆ, ಸರಕಿನಿಂದ ಸರಕಿಗೆ ಅವು ಬದಲಾಗುತ್ತವೆ. ಸ್ಲೈಡಿಂಗ್ ಕಿಟಕಿ ಚದರಡಿಗೆ 550 ರೂ., ಕೀಲು ಕದದ ಕಿಟಕಿ ಚದರಡಿಗೆ 800 ರೂ. ಎಂದಿಟ್ಟುಕೊಳ್ಳಬಹುದು. ದರವನ್ನಷ್ಟೇ ನೋಡಿದವನಿಗೆ ಎರಡನೆಯದು ದುಬಾರಿ. ಆದರೆ 42 ಚದರಡಿಯ ಸ್ಲೈಡಿಂಗ್‌ಗೆ 23,100 ರೂ. ಆದರೆ, ಅಷ್ಟೇ ಗಾಳಿ ಕೊಡುವ 24 ಚದರಡಿಯ ಕೀಲು ಕಿಟಕಿಗೆ 19,200 ರೂ. ಉಳಿದ 18 ಚದರಡಿ ಗೋಡೆಗೆ ಚದರಡಿಗೆ 150 ರೂ.ನಂತೆ 2,700 ರೂ. ಸೇರಿಸಿದರೂ ಮೊತ್ತ 21,900 ರೂ. ಅಗ್ಗವೆಂದು ಕೊಂಡದ್ದು ಅಗ್ಗವಾಗಿರಲಿಲ್ಲ.

ಸ್ಲೈಡಿಂಗ್ ಕಿಟಕಿಗೂ ತನ್ನದೇ ಆದ ಸ್ಥಾನವಿದೆ. ಕಿರಿದಾದ ಬಾಲ್ಕನಿ, ಕದ ಬಿಚ್ಚಲು ಸ್ಥಳವಿಲ್ಲದ ಓಣಿಯ ಬದಿ, ಜೋರುಗಾಳಿ ಬೀಸುವ ಮೇಲಂತಸ್ತು, ಇಂತಹ ಕಡೆಗಳಲ್ಲಿ ಅದೇ ಸೂಕ್ತ. ಎಲ್ಲ ಕೋಣೆಗಳಿಗೂ ಯೋಚಿಸದೆ ಅದನ್ನೇ ಅಳವಡಿಸುವುದು ಮಾತ್ರ ತಪ್ಪು.

ದಿಕ್ಕು ಮತ್ತು ನೆರಳು

ಗಾಳಿಯ ನಂತರ ಬಿಸಿಲಿನ ಲೆಕ್ಕ. ಬೆಂಗಳೂರು ಮತ್ತು ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಹಾಗೂ ಆಗಸ್ಟ್ ಮಧ್ಯಭಾಗದ ನಂತರ ನಡುಹಗಲಿನ ಸೂರ್ಯ ಇಲ್ಲಿ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಆದ್ದರಿಂದ ಬೇಸಿಗೆಯ ನಡುಹಗಲಿನಲ್ಲಿ ದಕ್ಷಿಣದ ಕಿಟಕಿಗೂ ಉತ್ತರದ ಕಿಟಕಿಗೂ ಒಂದೂವರೆ ಅಡಿಯ ಸಜ್ಜಾ ನೆರಳು ಕೊಡಬಲ್ಲದು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲಿಯೂ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಅದೇ ಸಜ್ಜಾದ ಕೆಳಗಿನಿಂದ ಎಳೆಬಿಸಿಲು ಕೋಣೆಯೊಳಗೆ ಬರುತ್ತದೆ. ಚಳಿಗಾಲದಲ್ಲಿ ಅದು ಬೇಕಾದದ್ದೇ.

ಪೂರ್ವ–ಪಶ್ಚಿಮಗಳ ಕಥೆ ಬೇರೆ. ಅಲ್ಲಿ ಸೂರ್ಯ ಕೆಳಮಟ್ಟದಿಂದ ನೇರವಾಗಿ ಗಾಜಿನ ಮೇಲೆ ಬೀಳುವುದರಿಂದ ಸಜ್ಜಾ ಎಷ್ಟು ಚಾಚಿದರೂ ಪೂರ್ಣ ಪ್ರಯೋಜನವಿಲ್ಲ. ಪೂರ್ವದ ಬಿಸಿಲು ತಂಪು ಹೊತ್ತಿನಲ್ಲಿ ಬಂದು ಹೋಗುತ್ತದೆ. ಪಶ್ಚಿಮದ ಬಿಸಿಲಾದರೋ ಗೋಡೆ, ತಾರಸಿಗಳೆಲ್ಲ ಕಾದ ಮೇಲೆ ಬರುತ್ತದೆ. ಮೇಲೆ ಹೇಳಿದ 42 ಚದರಡಿಯ ಕಿಟಕಿ ಪಶ್ಚಿಮಕ್ಕಿದ್ದರೆ, ಚೌಕಟ್ಟನ್ನು ಕಳೆದು ಸುಮಾರು 35 ಚದರಡಿ, ಅಂದರೆ 3.25 ಚದರ ಮೀಟರ್ ಗಾಜು ಬಿಸಿಲಿಗೆ ಒಡ್ಡಿರುತ್ತದೆ. ಸಂಜೆಯ ಬಿಸಿಲಿನ ಶಾಖವನ್ನು ಚದರ ಮೀಟರಿಗೆ 500 ವಾಟ್ ಎಂದು ಹಿಡಿದರೆ, ಒಂದೇ ಪದರದ ತಿಳಿಗಾಜು ಅದರಲ್ಲಿ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುವುದರಿಂದ 1,300 ವಾಟ್ ಶಾಖ ಕೋಣೆಗೆ ಸೇರುತ್ತದೆ. ಬೇಸಿಗೆಯ ಸಂಜೆ ಕೋಣೆಯಲ್ಲಿ ರೂಮ್ ಹೀಟರ್ ಹಚ್ಚಿಟ್ಟಂತೆ ಇದು. ಒಂದು ಟನ್ನಿನ ಹವಾನಿಯಂತ್ರಕ ಹೊರಹಾಕಬಲ್ಲ ಶಾಖ ಸುಮಾರು 3,500 ವಾಟ್. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಈ ಒಂದು ಕಿಟಕಿಗೇ ವ್ಯಯವಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ತಲುಪಿತ್ತು. ತಂಪು ಊರೆಂಬ ಹಳೆಯ ನಂಬಿಕೆಯ ಮೇಲೆ ಪಶ್ಚಿಮಕ್ಕೆ ಗಾಜಿನ ಗೋಡೆ ಇಡುವುದು ವಿವೇಕವಲ್ಲ.

ತೊಡಕೆಂದರೆ, ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬೀಸುವುದೂ ಪಶ್ಚಿಮ ಹಾಗೂ ನೈಋತ್ಯದಿಂದಲೇ. ಆ ದಿಕ್ಕನ್ನು ಪೂರ್ತಿ ಮುಚ್ಚಿದರೆ ಗಾಳಿಯೂ ತಪ್ಪುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಕಿಟಕಿ ಬೇಡವೆನ್ನುವುದಕ್ಕಿಂತ, ಅಲ್ಲಿ ಕಿಟಕಿ ಚಿಕ್ಕದಾಗಿರಲಿ, ಹೊರಗಡೆಯಿಂದ ನೆರಳಿರಲಿ ಎನ್ನುವುದು ಸರಿಯಾದ ಮಾತು. ಜಗಲಿ, ಜಾಲಂಧ್ರ, ನಿಲುವು ಪಟ್ಟಿಗಳು, ಬಿದಿರಿನ ತಟ್ಟಿ, ಬಳ್ಳಿ ಹಬ್ಬಿಸಿದ ಹಂದರ, ಇವೆಲ್ಲವೂ ಬಿಸಿಲನ್ನು ಗಾಜಿಗೆ ತಾಕುವ ಮೊದಲೇ ತಡೆಯುತ್ತವೆ. ಒಳಗಿನ ಪರದೆ ತಡೆಯುವ ಹೊತ್ತಿಗೆ ಶಾಖ ಆಗಲೇ ಗಾಜನ್ನು ದಾಟಿ ಬಂದಿರುತ್ತದೆ.

ಮೇಲಿನ ದೃಷ್ಟಾಂತವನ್ನು ಇಲ್ಲಿ ಮುಂದುವರಿಸಬಹುದು. 24 ಚದರಡಿಯ ಕಿಟಕಿಗೆ ಹೊರನೆರಳಿನ ವ್ಯವಸ್ಥೆಗೆಂದು 4,500 ರೂ. ಸೇರಿಸಿದರೆ ಒಟ್ಟು 26,400 ರೂ. ಆಗುತ್ತದೆ, ದೊಡ್ಡ ಸ್ಲೈಡಿಂಗ್ ಕಿಟಕಿಗಿಂತ 3,300 ರೂ. ಹೆಚ್ಚು. ದೊಡ್ಡ ಕಿಟಕಿಯ ಕೋಣೆಯಲ್ಲಿ ವರ್ಷಕ್ಕೆ 75 ದಿನ, ದಿನಕ್ಕೆ 4 ಗಂಟೆ ಹವಾನಿಯಂತ್ರಕ ನಡೆದು, ಗಂಟೆಗೆ 1.2 ಯೂನಿಟ್ ಬೇಕಾದರೆ ವಾರ್ಷಿಕ ಬಳಕೆ 360 ಯೂನಿಟ್. ಯೂನಿಟ್‌ಗೆ 7 ರೂ. ಎಂದು ಹಿಡಿದರೆ 2,520 ರೂ. ನೆರಳಿನಿಂದ ಬಳಕೆ ಅರ್ಧಕ್ಕಿಳಿದರೆ ಉಳಿತಾಯ 1,260 ರೂ. ಹೆಚ್ಚುವರಿ ಖರ್ಚು ಮೂರು ವರ್ಷದೊಳಗೆ ಮರಳುತ್ತದೆ. ಕಿಟಕಿ ಇಪ್ಪತ್ತು ವರ್ಷ ಉಳಿಯುತ್ತದೆ. ಹವಾನಿಯಂತ್ರಕವೇ ಬೇಡವಾದ ಮನೆಯಲ್ಲಿ ಅದರ ಬೆಲೆಯೂ ಉಳಿತಾಯವೇ.

ಬಣ್ಣದ ಗಾಜು ಶಾಖವನ್ನು ಕಡಿಮೆ ಮಾಡುತ್ತದೆ, ಆದರೆ ಹಗಲಿನ ಬೆಳಕನ್ನೂ ಕಡಿಮೆ ಮಾಡುತ್ತದೆ. ಹಸಿರು ತೋಟ ಸದಾ ಮೋಡ ಕವಿದಂತೆ ಕಾಣುತ್ತದೆ. ಎರಡು ಪದರದ ಗಾಜು ಹೆದ್ದಾರಿಯ ಸದ್ದಿಗೂ, ಬಹುಕಾಲ ಹವಾನಿಯಂತ್ರಕ ನಡೆಯುವ ಕೋಣೆಗೂ ಉಪಯುಕ್ತ. ವರ್ಷದ ಹೆಚ್ಚು ದಿನ ಕಿಟಕಿ ತೆರೆದಿಡುವ ಮನೆಯಲ್ಲಿ ಆ ಎರಡನೆಯ ಪದರಕ್ಕೆ ಹೆಚ್ಚಿನ ಕೆಲಸವಿಲ್ಲ.

ನೋಟಕ್ಕೊಂದು ಕಿಟಕಿ

30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಕಟ್ಟಿದ ಮನೆಯ ಅಕ್ಕಪಕ್ಕದ ಕಿಟಕಿಗಳಿಂದ ಕಾಣುವುದು ನೆರೆಮನೆಯ ಗೋಡೆ. ಅಲ್ಲಿ ದೊಡ್ಡ ಗಾಜಿಟ್ಟು ಪರದೆ ಎಳೆಯುವುದಕ್ಕಿಂತ, ಮೇಲ್ಮಟ್ಟದಲ್ಲಿ ಗಾಳಿಕಿಂಡಿಗಳನ್ನು ಇಡುವುದು ಮೇಲು. ಬಿಸಿಗಾಳಿ ಮೇಲೇರುವುದರಿಂದ ಎತ್ತರದ ಕಿಂಡಿ ಅದನ್ನು ಹೊರಗೆ ಕಳುಹಿಸುತ್ತದೆ, ಮರೆಗೂ ಭಂಗವಿಲ್ಲ. ಒಂದು ಕಾಲದಲ್ಲಿ ಪ್ರತಿ ಕೋಣೆಯಲ್ಲೂ ಇದ್ದ ವೆಂಟಿಲೇಟರ್ ಹೊಸ ಮನೆಗಳಿಂದ ಮರೆಯಾಗಿರುವುದು ನಷ್ಟವೇ ಸರಿ.

ಬೀದಿಯ ಹೊಂಗೆಮರವೋ, ಹಿತ್ತಲ ತೆಂಗೋ, ಬಾಲ್ಕನಿಯ ಕುಂಡಗಳೋ ಕಾಣುವ ಒಂದು ಸ್ಥಳವನ್ನು ಮನೆಯಲ್ಲಿ ಗುರುತಿಸಿ, ನೋಟದ ಕಿಟಕಿಯ ಹಣವನ್ನು ಅಲ್ಲಿಯೇ ತೊಡಗಿಸಬೇಕು. ನೋಟವನ್ನು ನಿರ್ಧರಿಸುವುದು ಗಾಜಿನ ಅಗಲಕ್ಕಿಂತ ಕಿಟಕಿಯ ತಳಮಟ್ಟ. ನೆಲದಿಂದ ಮೂರು ಅಡಿ ಮೇಲಿಂದ ಆರಂಭವಾಗುವ ಕಿಟಕಿಯಿಂದ ಕುಳಿತವರಿಗೆ ಕಾಣುವುದು ಬಹುಪಾಲು ಆಕಾಶ. ಒಂದೂವರೆ ಅಡಿಗೆ ಇಳಿಸಿದರೆ ನೆಲದ ಹಸಿರು ಕಾಣುತ್ತದೆ. ಆ ತಳವೇ ಕುಳಿತುಕೊಳ್ಳುವ ಕಟ್ಟೆಯೂ ಆಗುತ್ತದೆ.

ತಳಮಟ್ಟ ಇಳಿದಾಗ ಸುರಕ್ಷತೆಯ ಪ್ರಶ್ನೆ ಏಳುತ್ತದೆ. ಮಕ್ಕಳು ಡಿಕ್ಕಿ ಹೊಡೆಯಬಹುದಾದ ಎತ್ತರದಲ್ಲಿ ಸಾಮಾನ್ಯ ಗಾಜು ಸಲ್ಲದು. ಟಫನ್ಡ್ ಗಾಜು ಒಡೆದರೆ ಚಿಕ್ಕ ಹರಳುಗಳಾಗಿ ಉದುರುತ್ತದೆ. ಲ್ಯಾಮಿನೇಟೆಡ್ ಗಾಜು ಒಡೆದರೂ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ. ಮೇಲಂತಸ್ತಿಗೆ ಎರಡನೆಯದು ಹೆಚ್ಚು ಕ್ಷೇಮ, ಜೊತೆಗೆ ಕಂಬಿಯೂ ಬೇಕು. ಸುರಕ್ಷತಾ ಗಾಜಿನ ಭಾರತೀಯ ಮಾನಕ ಐಎಸ್ 2553. ಗಾಜಿನ ಮೂಲೆಯಲ್ಲಿರುವ ಮುದ್ರೆಯನ್ನು ಅಳವಡಿಕೆಗೆ ಮೊದಲೇ ನೋಡಿಕೊಳ್ಳಬೇಕು. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲಾಗದು. ಅಳತೆ ತಪ್ಪಿದರೆ ಪೂರ್ಣ ನಷ್ಟ.

ಗಾಜಿನಲ್ಲಿ ಮರದ ಪ್ರತಿಬಿಂಬ ಕಂಡು ಹಕ್ಕಿಗಳು ಡಿಕ್ಕಿ ಹೊಡೆದು ಸಾಯುವುದುಂಟು. ಹೊರಗಡೆಯ ಜಾಲರಿ, ಸಜ್ಜಾದ ನೆರಳು ಅಥವಾ ಗಾಜಿನ ಮೇಲಿನ ಒತ್ತಾದ ಗೆರೆಗಳು ಇದನ್ನು ತಗ್ಗಿಸುತ್ತವೆ. ಸೊಳ್ಳೆಯದು ಇದಕ್ಕಿಂತ ದಿನನಿತ್ಯದ ಸಮಸ್ಯೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಜಾಲರಿಯಿಲ್ಲದ ಕಿಟಕಿಯನ್ನು ಸಂಜೆಯಾಗುತ್ತಲೇ ಮುಚ್ಚಲಾಗುತ್ತದೆ; ತಂಪುಗಾಳಿ ಬರುವುದು ಆ ನಂತರವೇ. ಹೊರಕ್ಕೆ ತೆರೆಯುವ ಕದಕ್ಕೆ ಒಳಬದಿಯಲ್ಲಿ ಮಡಚುವ ಅಥವಾ ಸುರುಳಿಯಾಗುವ ಜಾಲರಿ ಬೇಕು. ಅದನ್ನು ನಂತರ ಸೇರಿಸುವುದಕ್ಕಿಂತ ಚೌಕಟ್ಟಿನ ವಿನ್ಯಾಸದಲ್ಲಿಯೇ ಸೇರಿಸುವುದು ಅಗ್ಗ.

ಬಾಗಿಲು: ಒಳಗೂ ಹೊರಗೂ ನಡುವಿನ ಜಾಗ

ತೋಟಕ್ಕೋ ಬಾಲ್ಕನಿಗೋ ತೆರೆಯುವ ಬಾಗಿಲಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಆರು ಅಡಿ ಅಗಲದ ಸ್ಲೈಡಿಂಗ್ ಬಾಗಿಲು ದಾರಿ ಕೊಡುವುದು ಮೂರು ಅಡಿಗೆ. ಅದೇ ಅಗಲದ ಜೋಡಿ ಬಾಗಿಲು ಹೆಚ್ಚುಕಡಿಮೆ ಪೂರ್ತಿ ತೆರೆದುಕೊಳ್ಳುತ್ತದೆ. ಮಡಚಿ ಸರಿಯುವ ಹಲವು ಕದಗಳ ಬಾಗಿಲು ಆಕರ್ಷಕವಾದರೂ, ಅದರ ಚಕ್ರ, ಕೀಲು, ಹಳಿಗಳ ನಿರ್ವಹಣೆಯ ಖರ್ಚನ್ನು ಮೊದಲೇ ಅರಿತು ಕೊಳ್ಳಬೇಕು.

ಹೊಸ್ತಿಲಿನ ವಿಷಯದಲ್ಲಿ ಎಚ್ಚರ ಅಗತ್ಯ. ಒಳನೆಲವೂ ಹೊರನೆಲವೂ ಒಂದೇ ಮಟ್ಟದಲ್ಲಿದ್ದರೆ ಚೆಂದವೆಂದು ಹೇಳಲಾಗುತ್ತದೆ. ಮೊದಲ ಮಳೆಗೆ ನೀರು ಹಜಾರದಲ್ಲಿರುತ್ತದೆ. ಹೊರನೆಲ ಒಂದೂವರೆ–ಎರಡು ಅಂಗುಲ ತಗ್ಗಿನಲ್ಲಿದ್ದು ಹೊರಕ್ಕೆ ಇಳಿಜಾರಾಗಿರಬೇಕು. ಸಜ್ಜಾದ ಅಡಿಯಲ್ಲಿ ಅಂಚಿನಗುಂಟ ಒಂದು ಗೀರು ಇದ್ದರೆ ನೀರು ಗೋಡೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಸ್ಲೈಡಿಂಗ್ ಹಳಿಯಲ್ಲಿ ನೀರು ಹೊರಹೋಗುವ ರಂಧ್ರಗಳಿರಬೇಕು, ಅವು ಸಿಮೆಂಟು ಮೆತ್ತಿ ಮುಚ್ಚಿಹೋಗಿರಬಾರದು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಈ ಚಿಕ್ಕ ಸಂಗತಿಗಳೇ ದೂರುಗಳ ಮೂಲ. ಬಾಗಿಲ ಹೊರಗೆ ನಾಲ್ಕು ಅಡಿಯ ನೆರಳಿನ ಜಗಲಿಯಿದ್ದರೆ ಇವುಗಳಲ್ಲಿ ಅರ್ಧದಷ್ಟು ತೊಂದರೆ ಹುಟ್ಟುವುದೇ ಇಲ್ಲ. ಕುಳಿತುಕೊಳ್ಳಲು ಒಂದು ಸ್ಥಳವೂ ದೊರೆಯುತ್ತದೆ.

ಚೌಕಟ್ಟಿನ ವಸ್ತು

ಅಲ್ಯೂಮಿನಿಯಂ ಶಾಖವನ್ನು ಮರ ಹಾಗೂ ಯುಪಿವಿಸಿಗಿಂತ ನೂರಾರು ಪಟ್ಟು ಹೆಚ್ಚು ವೇಗವಾಗಿ ಸಾಗಿಸುತ್ತದೆ ಎಂಬುದು ಮಾರಾಟಗಾರರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಮಾತು ನಿಜ. ಆದರೆ ನಮ್ಮ ಹವೆಯಲ್ಲಿ, ಹವಾನಿಯಂತ್ರಕವಿಲ್ಲದ ಮನೆಯಲ್ಲಿ, ಚೌಕಟ್ಟಿನ ಮೂಲಕ ಬರುವ ಶಾಖಕ್ಕಿಂತ ಗಾಜಿನ ಮೇಲೆ ಬೀಳುವ ಬಿಸಿಲೇ ದೊಡ್ಡ ಬಾಬತ್ತು. ಆದ್ದರಿಂದ ವಸ್ತುವಿನ ಆಯ್ಕೆಯನ್ನು ಬಾಳಿಕೆ, ನಿರ್ವಹಣೆ ಮತ್ತು ಸ್ಥಳದ ಗುಣಗಳ ಮೇಲೆ ಮಾಡುವುದು ಸರಿ.

ತೇಗ, ಹೊನ್ನೆ, ಮತ್ತಿ, ಹಲಸುಗಳ ಚೌಕಟ್ಟು ದುರಸ್ತಿಗೆ ಅನುಕೂಲ. ಊರಿನ ಬಡಗಿಯೇ ಸರಿಪಡಿಸಬಲ್ಲ. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಕದ ಮಳೆಗಾಲದಲ್ಲಿ ಬಿಗಿದುಕೊಂಡು ಬೇಸಿಗೆಯಲ್ಲಿ ಸೀಳುತ್ತದೆ. ಎರಡು–ಮೂರು ವರ್ಷಕ್ಕೊಮ್ಮೆ ಎಣ್ಣೆ ಅಥವಾ ಪಾಲಿಶ್ ಬೇಕೆಂಬುದನ್ನು ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು. ಅಲ್ಯೂಮಿನಿಯಂ ಗೆದ್ದಲಿಗೆ ಅಂಜದು, ಕೊನೆಗೆ ಗುಜರಿ ಬೆಲೆಯೂ ಇದೆ. ಸೆಕ್ಷನ್‌ನ ದಪ್ಪ ಹೊರನೋಟಕ್ಕೆ ತಿಳಿಯದಿರುವುದರಿಂದ ಮೀಟರಿಗೆ ತೂಕವೆಷ್ಟೆಂದು ಕೇಳಿ ಕೊಳ್ಳಬೇಕು. ಕರಾವಳಿಯ ಉಪ್ಪುಗಾಳಿಗೆ 20ರಿಂದ 25 ಮೈಕ್ರಾನ್ ಅನೋಡೈಸಿಂಗ್ ಅಥವಾ ಉತ್ತಮ ಪೌಡರ್ ಕೋಟಿಂಗ್, ಜೊತೆಗೆ ಸ್ಟೇನ್‌ಲೆಸ್ ಸ್ಕ್ರೂ ಅಗತ್ಯ. ಸಾದಾ ಉಕ್ಕಿನ ಸ್ಕ್ರೂ ತಾಗಿದಲ್ಲಿ ಸವೆತ ಆರಂಭವಾಗುತ್ತದೆ. ಯುಪಿವಿಸಿಗೆ ಉಪ್ಪುಗಾಳಿಯ ಭಯವಿಲ್ಲ, ಆದರೆ ದೊಡ್ಡ ಕದಗಳಿಗೆ ಒಳಗೆ ಸತು ಲೇಪಿತ ಉಕ್ಕಿನ ಬಲವರ್ಧನೆ ಇರಲೇಬೇಕು. ಅದನ್ನು ಉಳಿಸಿ ದರ ಇಳಿಸಿದವನ ಕಿಟಕಿ ಎರಡು ಬೇಸಿಗೆಯಲ್ಲಿ ಬಾಗುತ್ತದೆ. ಬಿಸಿಲಿನ ಜಿಲ್ಲೆಗಳಿಗೆ ಗಾಢ ಬಣ್ಣಕ್ಕಿಂತ ಬಿಳಿಯೇ ಉಚಿತ. ಸತು ಲೇಪಿತ ಉಕ್ಕಿನ ಚೌಕಟ್ಟು ಕಡಿಮೆ ಖರ್ಚಿನದು. ಕತ್ತರಿಸಿದ ಹಾಗೂ ಬೆಸುಗೆ ಹಾಕಿದ ಕಡೆ ಮತ್ತೆ ಲೇಪನವಾಗದಿದ್ದರೆ ತುಕ್ಕು ಅಲ್ಲಿಂದಲೇ ಹತ್ತುತ್ತದೆ.

ತಯಾರಕರು, ವರ್ತಕರು ಗಮನಿಸಬೇಕಾದದ್ದು

ಕಿಟಕಿಯನ್ನು ಚದರಡಿಯ ದರದಲ್ಲಿ ಮಾರುವವನಿಗೆ ಗಾಜು ದೊಡ್ಡದಾದಷ್ಟೂ ಬಿಲ್ಲು ದೊಡ್ಡದಾಗುತ್ತದೆ. ಹೀಗಾಗಿ ಗ್ರಾಹಕನಿಗೆ ಚಿಕ್ಕ, ಉತ್ತಮ ಕಿಟಕಿಯನ್ನು ಸೂಚಿಸಲು ಸಣ್ಣ ಫ್ಯಾಬ್ರಿಕೇಟರ್ ಹಿಂಜರಿಯುವುದು ಸಹಜ. ಆದರೆ ಚದರಡಿಯ ದರವೊಂದರಲ್ಲಿಯೇ ಪೈಪೋಟಿ ನಡೆದಾಗ ಗೆಲ್ಲುವವನು ಸೆಕ್ಷನ್ ತೆಳುವಾಗಿಸಿದವನು ಅಥವಾ ಸಗಟಾಗಿ ಕೊಳ್ಳುವ ದೊಡ್ಡ ಕಂಪನಿ. ಸಣ್ಣ ತಯಾರಕನ ಬಲ ಬೇರೆಡೆ ಇದೆ: ಅವನು ಸ್ಥಳಕ್ಕೆ ಹೋಗಬಲ್ಲ, ದಿಕ್ಕು ನೋಡಬಲ್ಲ, ಕೋಣೆಗೊಂದು ಅಳತೆಯಲ್ಲಿ ಮಾಡಿಕೊಡಬಲ್ಲ. ದರಪಟ್ಟಿಯಲ್ಲಿ ಪ್ರತಿ ಕಿಟಕಿಯ ಎದುರು ದಿಕ್ಕು, ಒಟ್ಟು ವಿಸ್ತೀರ್ಣ, ತೆರೆಯುವ ವಿಸ್ತೀರ್ಣ, ಗಾಜಿನ ಬಗೆ ಮತ್ತು ದಪ್ಪ, ಸೆಕ್ಷನ್‌ನ ತೂಕ, ಜಾಲರಿ, ಹೊರನೆರಳು ಎಂಬ ಕಲಮುಗಳನ್ನು ಸೇರಿಸಿದರೆ ಹೋಲಿಕೆಯ ಆಧಾರವೇ ಬದಲಾಗುತ್ತದೆ. ತೆರೆಯುವ ಚದರಡಿಗೆ ದರವೆಷ್ಟು ಎಂದು ಗ್ರಾಹಕ ಕೇಳತೊಡಗಿದ ದಿನ, ಒಳ್ಳೆಯ ಕೆಲಸಗಾರನಿಗೆ ನ್ಯಾಯವಾದ ಬೆಲೆ ಸಿಗುತ್ತದೆ. ಜಾಲರಿ, ಹೊರನೆರಳು, ವಾರ್ಷಿಕ ನಿರ್ವಹಣೆಗಳಿಂದ ಬರುವ ಆದಾಯ ಕಡಿಮೆಯಾದ ಗಾಜಿನ ಮೊತ್ತವನ್ನು ತುಂಬಿಕೊಡಬಲ್ಲದು.

ತೆರಿಗೆಯ ವಿಷಯದಲ್ಲಿ ಮೂರು ಸಂಗತಿಗಳು ಮುಖ್ಯ. ಮೊದಲನೆಯದು, 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅಲ್ಯೂಮಿನಿಯಂ ಮತ್ತು ಯುಪಿವಿಸಿ ಕಿಟಕಿ–ಬಾಗಿಲುಗಳ ದರ ಶೇ. 18ರಲ್ಲಿಯೇ ಉಳಿಯಿತು. ಎರಡನೆಯದು, ಕಿಟಕಿಯನ್ನು ತಯಾರಿಸಿ ಕಟ್ಟಡಕ್ಕೆ ಶಾಶ್ವತವಾಗಿ ಅಳವಡಿಸಿಕೊಡುವ ಒಪ್ಪಂದವು ಕಾಮಗಾರಿ ಗುತ್ತಿಗೆ ಎನಿಸಿ, ಕಾನೂನಿನಲ್ಲಿ ಸೇವೆಯಾಗಿ ಪರಿಗಣಿತವಾಗುತ್ತದೆ. ತಯಾರಕನಾಗಿ ರಾಜಿ ತೆರಿಗೆ ಪದ್ಧತಿಯಲ್ಲಿರುವವನಿಗೆ ಸೇವೆಯ ಮಿತಿ ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಇವೆರಡರಲ್ಲಿ ಹೆಚ್ಚಿನದು. ಇದನ್ನು ಗಮನಿಸದೆ ಎಲ್ಲವನ್ನೂ ಸರಕಿನ ಮಾರಾಟವೆಂದು ಬರೆಯುತ್ತ ಹೋದವರು ನಂತರ ತೊಂದರೆಗೆ ಸಿಲುಕುತ್ತಾರೆ. ಮೂರನೆಯದು, ತನ್ನ ಅಂಗಡಿ, ಗೋದಾಮು, ಕಾರ್ಖಾನೆಗೆ ಹೊಸ ಕಿಟಕಿ ಹಾಕಿಸುವ ವರ್ತಕನಿಗೆ ಸಂಬಂಧಿಸಿದ್ದು. ಕಟ್ಟಡದ ಬಂಡವಾಳ ವೆಚ್ಚವಾಗಿ ತೋರಿಸಿದ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ನಿರ್ಬಂಧಿಸುತ್ತದೆ. ಒಡೆದ ಗಾಜು ಬದಲಿಸುವಂತಹ, ಆದಾಯ ವೆಚ್ಚವಾಗಿ ಬರೆಯುವ ಸಾಮಾನ್ಯ ದುರಸ್ತಿಗೆ ಈ ನಿರ್ಬಂಧವಿಲ್ಲ.

ಹಣಪಾವತಿಯ ಹಂತಗಳನ್ನೂ ಲಿಖಿತವಾಗಿಯೇ ನಿಗದಿಪಡಿಸಬೇಕು. ಅಳತೆಗೆ ತಕ್ಕಂತೆ ಮಾಡಿದ ಕಿಟಕಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು. ಅಳತೆಗೆ ಸಹಿ ಪಡೆದಾಗ ಒಂದು ಕಂತು, ಚೌಕಟ್ಟು ಕೂರಿಸಿದಾಗ ಒಂದು ಕಂತು, ಕದ–ಗಾಜು ಅಳವಡಿಸಿದಾಗ ಒಂದು ಕಂತು ಎಂದಿಟ್ಟು, ಕೊನೆಯ ಚಿಕ್ಕ ಮೊತ್ತವನ್ನು ನೀರು ಹಾಯಿಸಿ ಪರೀಕ್ಷಿಸಿದ ನಂತರ ಪಡೆಯುವ ಕ್ರಮ ಇಬ್ಬರಿಗೂ ಕ್ಷೇಮ.

ಕಡೆಯ ಮಾತು

ಕಿಟಕಿಯ ದರಪಟ್ಟಿಗೆ ಸಹಿ ಹಾಕುವ ಮೊದಲು ಗೃಹಸ್ಥನು ಒಂದು ದಿನದ ಮಟ್ಟಿಗೆ ಕಟ್ಟುತ್ತಿರುವ ಮನೆಯಲ್ಲಿ ಬೆಳಿಗ್ಗೆ, ನಡುಹಗಲು ಹಾಗೂ ಸಂಜೆ ನಾಲ್ಕರ ಹೊತ್ತಿಗೆ ಹೋಗಿ ನಿಲ್ಲುವುದು ಒಳ್ಳೆಯದು. ಬಿಸಿಲು ಯಾವ ಗೋಡೆಯ ಮೇಲಿದೆ, ಗಾಳಿ ಎಲ್ಲಿಂದ ಬರುತ್ತಿದೆ, ಕಣ್ಣಿಗೆ ಹಿತವಾದದ್ದು ಯಾವ ದಿಕ್ಕಿನಲ್ಲಿದೆ ಎಂಬುದು ಯಾವ ಯಂತ್ರವೂ ಇಲ್ಲದೆ ತಿಳಿಯುತ್ತದೆ. ಆ ಹೊತ್ತಿನಲ್ಲಿ ಫ್ಯಾಬ್ರಿಕೇಟರನೂ ಬಡಗಿಯೂ ಜೊತೆಗಿದ್ದರೆ ಇನ್ನೂ ಮೇಲು. ಗೋಡೆಯಲ್ಲಿ ಬಿಟ್ಟ ಕಿಂಡಿಯ ಅಳತೆಯನ್ನು ಗಾರೆಯಾಗುವ ಮುನ್ನ ಬದಲಿಸುವುದಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಗೃಹಪ್ರವೇಶವಾದ ಮೇಲೆ ಅದೇ ತಪ್ಪಿಗೆ ಪ್ರತಿ ಬೇಸಿಗೆಯ ವಿದ್ಯುತ್ ಬಿಲ್ಲಿನಲ್ಲಿ ಕಂತು ಕಟ್ಟಬೇಕಾಗುತ್ತದೆ.